ಹನ್ನೊಂದನೆಯ ಬಿಲ್ಲೆ

ನಮ್ಮ ಊರಿನ ಕಿರಾಣಿ ಅಂಗಡಿಗಳ ಕಟ್ಟೆಯ ಮೇಲೆ ಯಾವಾಗಲೂ ಐದಾರು ಪಾಟಿಗಳು, ಒಂದು ಡಬ್ಬಿ ಬಳಪ ಇರುತ್ತವೆ. ಇನ್ನೊಬ್ಬರ ಗುಟ್ಟು ಹೇಳಿ ದನಿ ಕಳೆದುಕೊಂಡವರು ಪಾಟಿಯ ಮೇಲೆ ಬೇಳೆ, ಬೆಲ್ಲ ಎಂದು ಬರೆದು ತೋರಿಸುತ್ತಾರೆ, ಅಂಗಡಿಯವನು ತೂಗಿ ಕೊಡುತ್ತಾನೆ. ಯಾರ ಗುಟ್ಟು ಹೇಳಿದಿರಿ ಎಂದು ಕೇಳುವುದು ಅಸಭ್ಯ. ಊಹಿಸುವುದು ಮಾತ್ರ ಎಲ್ಲರಿಗೂ ಇಷ್ಟ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ ಕಳೆದ ಮೇಲೆ ದನಿ ತಾನಾಗಿ ಮರಳುತ್ತದೆ. ಗುಟ್ಟನ್ನು ಬರೆದು ತಿಳಿಸಲು ಹೋದರೆ ಬೆರಳು ಮರಗಟ್ಟುತ್ತವೆ. ತನ್ನ ಗುಟ್ಟನ್ನು ತಾನೇ ಹೇಳಿಕೊಂಡರೆ ಏನೂ ಆಗುವುದಿಲ್ಲ. ಸುಳ್ಳು ಹೇಳಿದರೂ ಏನೂ ಆಗುವುದಿಲ್ಲ.

ನನ್ನ ಅವ್ವನಿಗೆ ನಿಜವನ್ನು ಬಾಯೊಳಗೆ ಇಟ್ಟುಕೊಳ್ಳುವುದು ಬರುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಅವಳ ದನಿ ಒಂಬತ್ತು ಸಲ ಹೋಗಿತ್ತು. ಅವಳ ಬಳೆಯ ಸದ್ದಿನಿಂದ, ಪಾತ್ರೆ ಇಡುವ ರೀತಿಯಿಂದ ಅವಳ ಸಿಟ್ಟು, ನಗು, ಆಯಾಸ ತಿಳಿಯುವುದನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತೆ. ಮಾತಿಲ್ಲದ ಜಾಗಗಳು ನನಗೆ ಹಿತವಾದದ್ದು ಹೀಗೆ. ನದಿಯಾಚೆಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದಿ ಪದವಿ ಪಡೆದು ಬಂದ ಮೇಲೆ ಊರ ಆಸ್ಪತ್ರೆಯ ಲ್ಯಾಬಿಗೆ ಸೇರಿದ್ದೂ ಅದಕ್ಕೇ. ಅಲ್ಲಿ ನಾನು, ಸೂಕ್ಷ್ಮದರ್ಶಕ, ಗಾಜಿನ ತಟ್ಟೆಗಳು. ಯಾರೂ ಯಾರಿಗೂ ಏನನ್ನೂ ಹೇಳಬೇಕಾಗಿರಲಿಲ್ಲ.

ಆ ವರ್ಷ ಊರಿಗೆ ಉರಿ ಬೇನೆ ಬಂತು. ಪುಸ್ತಕದಲ್ಲಿ ಅದರ ಹೆಸರು ಗೊನೋರಿಯಾ. ಹಾಸಿಗೆಯಿಂದ ಹಾಸಿಗೆಗೆ ದಾಟುವ ರೋಗ. ಇಂಥ ರೋಗ ಬಂದಾಗ ವೈದ್ಯರು ಮೊದಲು ಕೇಳುವ ಪ್ರಶ್ನೆ, ನೀವು ಯಾರ ಜೊತೆ ಇದ್ದಿರಿ ಎಂಬುದು. ನಮ್ಮ ಊರಿನಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ. ಉತ್ತರಿಸಿದವರು ನಲವತ್ತೆಂಟು ದಿನ ಪಾಟಿ ಹಿಡಿಯಬೇಕು, ಹಿಡಿದರೆ ಏಕೆಂದು ಊರಿಗೆಲ್ಲ ತಿಳಿಯುತ್ತದೆ. ಡಾಕ್ಟರ್ ಗದಿಗೆಯ್ಯನವರ ರಿಜಿಸ್ಟರಿನಲ್ಲಿ ಆ ಕಾಲಂ ಮೂವತ್ತು ವರ್ಷಗಳಿಂದ ಖಾಲಿ ಇತ್ತು. ರೋಗಿಗಳ ಹೆಸರನ್ನೂ ಅವರು ಬರೆಯುತ್ತಿರಲಿಲ್ಲ. ನಮ್ಮದು ನೂಲಿಗೆ ಬಣ್ಣ ಹಾಕುವವರ ಊರು. ಹಂಡೆಗೆ ಬಿಡುವ ಪ್ರತಿಯೊಂದು ನೂಲಿನ ಲಡಿಗೂ ಅಂಕಿ ಕೊರೆದ ತಗಡಿನ ಬಿಲ್ಲೆ ಕಟ್ಟುತ್ತಾರೆ. ಡಾಕ್ಟರು ಅಂಥ ಬಿಲ್ಲೆಗಳನ್ನೇ ತರಿಸಿ ರೋಗಿಗಳಿಗೆ ಒಂದೊಂದು ಕೊಡುತ್ತಿದ್ದರು. ಆ ಸಲ ಹದಿನೆಂಟು ಬಿಲ್ಲೆಗಳು ಹೋದವು.

ಮಾದರಿ ತೆಗೆಯುವವಳು ನಾನು. ಹಾಗಾಗಿ ಯಾವ ಬಿಲ್ಲೆ ಯಾರದೆಂದು ನನಗೆ ಗೊತ್ತಿತ್ತು. ರಕ್ತ ಬೇಯಿಸಿ ಬೆರೆಸಿದ ಕಂದು ಬಣ್ಣದ ಅಗರಿನ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಲೋಳೆಯ, ಮೇಲೆ ಮಾದರಿಯನ್ನು ಎಳೆಯುತ್ತಿದ್ದೆ. ತಟ್ಟೆಗಳನ್ನು ಅಗಲ ಬಾಯಿಯ ಜಾಡಿಯೊಳಗಿಟ್ಟು, ಒಂದು ಮೇಣದಬತ್ತಿ ಹಚ್ಚಿ, ಮುಚ್ಚಳ ಬಿಗಿಯುತ್ತಿದ್ದೆ. ದೀಪ ಸ್ವಲ್ಪ ಹೊತ್ತು ಉರಿದು ತಾನೇ ಆರುತ್ತಿತ್ತು. ದೀಪ ಆರಿದ ಮೇಲೆ ಉಳಿಯುವ ಗಾಳಿಯೇ ಈ ಬ್ಯಾಕ್ಟೀರಿಯಾಕ್ಕೆ ಬೇಕು. ಜಾಡಿಯ ಮುಂದೆ ಕುಳಿತು ಆ ಜ್ವಾಲೆ ಸಣ್ಣದಾಗುವುದನ್ನು ನೋಡುವುದು ನನ್ನ ದಿನದ ಅತ್ಯಂತ ಒಳ್ಳೆಯ ಗಳಿಗೆಯಾಗಿತ್ತು.

ಡಾಕ್ಟರು ಹದಿನೆಂಟು ಜನರಿಗೂ ಅದೇ ಹಳೆಯ ಇಂಜೆಕ್ಷನ್ ಕೊಟ್ಟರು. ಒಬ್ಬರಿಗೆ ಗುಣವಾಯಿತು. ಹದಿನೇಳು ಜನರ ಉರಿ ಹಾಗೇ ಉಳಿಯಿತು. ಗುಣವಾದದ್ದು ಹನ್ನೊಂದನೆಯ ಬಿಲ್ಲೆಯವರಿಗೆ.

ಹನ್ನೊಂದನೆಯ ಬಿಲ್ಲೆ ತುಂಗವ್ವನದು.

ತುಂಗವ್ವ ಎಂಟು ತಿಂಗಳ ಹಿಂದೆ ಒಂದು ಗಂಟು, ಒಂದು ಸೂಜಿಯ ಡಬ್ಬಿ ಹಿಡಿದು ದೋಣಿಯಿಂದ ಇಳಿದವಳು. ಮನೆಮನೆಗೆ ಹೋಗಿ ಹಳೆಯ ಸೀರೆ ಕೇಳಿ ತಂದು ಕೌದಿ ಹೊಲಿದು ಕೊಡುತ್ತಿದ್ದಳು. ಗಂಡನಿಲ್ಲ, ಜೋರಾಗಿ ನಗುತ್ತಾಳೆ, ಎಲ್ಲರ ಮನೆಯ ಒಳಕೋಣೆ ನೋಡಿದ್ದಾಳೆ. ಊರಿಗೆ ಇಷ್ಟು ಸಾಕಾಯಿತು. ಊರ ಹಿರಿಯರ ಕೂಟವನ್ನು ನಮ್ಮಲ್ಲಿ ದೈವ ಎನ್ನುತ್ತಾರೆ. ನೂಲು ಒಣಗಿಸುವ ಕಟ್ಟೆಯ ಮೇಲೆ ದೈವ ಕೂಡಿತು. ನಡುವೆ ದೊಡ್ಡ ಹಂಡೆಮನೆಯ ಯಜಮಾನ ಮಹಾರುದ್ರಪ್ಪ.

ಮೊದಲು ಎದ್ದವಳು ನಲ್ಲಿಯ ಹತ್ತಿರದ ಮನೆಯ ಪಾರವ್ವ. "ಆಕಿ ಬರೂಕಿಂತ ಮೊದಲ ಈ ಉರಿ ಎಲ್ಲಿತ್ರೀ? ಹಳೇ ಸೀರಿ ಕೊಡ್ರಿ ಅಂತ ಮನಿ ಹೊಗತಾಳ, ಸೀರಿ ಜೋಡಿ ಗಂಡಂದಿರನ್ನೂ ಗಂಟು ಕಟಗೊಂಡು ಹೋಗ್ತಾಳ. ನಮಗೆಲ್ಲಾ ಹಚ್ಚಿ ತಾ ಮಾತ್ರ ಗುಂಡಕಲ್ಲಿನಂಗ ಅದಾಳ!"

ಎಲ್ಲರೂ ನಕ್ಕರು. ಹಳೆಯ ಬಣ್ಣಗಾರ ಹುಸೇನಸಾಬರು ಮಾತ್ರ ನಗಲಿಲ್ಲ. "ಪಾರವ್ವಾ, ನೀ ಹೇಳೂದು ಖರೇ ಇದ್ರ ಇಷ್ಟೊತ್ತಿಗೆ ನಿನ್ನ ದನಿ ಹೋಗಬೇಕಿತ್ತಲ್ಲ ತಾಯಿ?"

"ಊರಿಗೆಲ್ಲಾ ಗೊತ್ತಿದ್ದದ್ದು ಗುಟ್ಟು ಹೆಂಗಾಗ್ತೈತ್ರೀ ಸಾಹೇಬ್ರ? ಬಟಾಬಯಲಾದ ಮಾತಿಗೆ ಯಾರ ದನೀನೂ ಹೋಗೂದಿಲ್ಲ."

ಆಗ ಡಾಕ್ಟರ್ ಗದಿಗೆಯ್ಯನವರು ಎದ್ದು ನಿಂತರು. ಒಂದೇ ಇಂಜೆಕ್ಷನ್ನಿಗೆ ಹೋದ ರೋಗ ಊರಿನಲ್ಲಿ ಹರಡಿದ ರೋಗವಾಗಿರಲಾರದು ಎಂದು ಅವರಿಗೆ ಅನ್ನಿಸಿತ್ತು. ನನ್ನ ಜೊತೆ ಹಾಗೆಂದು ಆಡಿಯೂ ಇದ್ದರು. ಇಬ್ಬರಿಗೂ ಗೊತ್ತಿದ್ದದ್ದು ನಮ್ಮ ನಡುವೆ ಗುಟ್ಟಲ್ಲ. ಈಗ ಒಂದು ಮಂಡಲ ದನಿ ಹೋದರೆ ಹೋಗಲಿ, ಒಂದು ವಾಕ್ಯ ಮುಗಿಸುತ್ತೇನೆ ಎಂದು ಎಣಿಸಿದ್ದರು. ಉಸಿರೆಳೆದುಕೊಂಡು ಗಡಿಬಿಡಿಯಿಂದ ಶುರುಮಾಡಿದರು. "ತುಂಗವ್ವನ ರೋಗ—"

ಅಷ್ಟೇ. ಮುಂದಿನ ಮಾತಿಗೆ ಬಾಯಿ ತೆರೆದಿತ್ತು, ಗಂಟಲಿನ ನರ ಉಬ್ಬಿತ್ತು, ದನಿ ಇರಲಿಲ್ಲ.

ಬ್ಯಾರೆ, ಎಂಬುದು ಅವರ ಮುಂದಿನ ಮಾತಾಗಿತ್ತು. ಊರು ಹಿಂದಿನ ಎರಡು ಮಾತುಗಳನ್ನು ಮಾತ್ರ ಕೇಳಿಸಿಕೊಂಡಿತು.

"ಆತಲ್ಲ," ಎಂದರು ಮಹಾರುದ್ರಪ್ಪ. "ಡಾಕ್ಟರರ ಬಾಯಿಂದನ ಬಂತು. ಖರೇ ಇಲ್ಲಂದ್ರ ದನಿ ಯಾಕ ಹೋಗ್ತಿತ್ತು? ಮುಂದಿನ ದೋಣಿಗೆ ಆಕಿ ಊರು ಬಿಡಬೇಕು."

ಡಾಕ್ಟರು ಎರಡೂ ಕೈ ಅಲ್ಲಾಡಿಸಿದರು. ಜನ ಅದನ್ನು ನೋವೆಂದುಕೊಂಡರು. ಕಟ್ಟೆಯ ತುದಿಯಲ್ಲಿ ನಿಂತಿದ್ದ ತುಂಗವ್ವ, "ನಾ ಯಾರ ಮನ್ಯಾಗೂ ಬೆಂಕಿ ಇಟ್ಟಿಲ್ಲ," ಎಂದಳು. ಆಮೇಲೆ ಜನರ ಗುಂಪಿನಲ್ಲಿ ನನ್ನನ್ನು ಹುಡುಕಿ ನೋಡಿದಳು. ನಾನು ನನ್ನ ಕಾಲಬೆರಳು ನೋಡಿಕೊಂಡೆ.

ದೋಣಿ ಬರಲು ಹತ್ತು ದಿನವಿತ್ತು.

ನನ್ನ ದನಿ ಹೋಗುವುದಕ್ಕೆ ನಾನು ಹೆದರುವವಳಲ್ಲ. ನಿಜ ಹೇಳಬೇಕೆಂದರೆ, ನಲವತ್ತೆಂಟು ದಿನ ಯಾರೂ ಮಾತಾಡಿಸದ ಬದುಕು ನನಗೆ ಹಬ್ಬ. ಆದರೆ ನಾನು ಹೇಳಹೊರಟರೂ ಎರಡನೆಯ ಮಾತಿಗೆ ಗಂಟಲು ಕಟ್ಟುತ್ತಿತ್ತು, ಊರಿಗೆ ಇನ್ನೊಂದು ಸಾಕ್ಷಿ ಸಿಗುತ್ತಿತ್ತು. ಅದೂ ಅಲ್ಲದೆ, ಇಂಜೆಕ್ಷನ್ ಒಬ್ಬರಿಗೆ ತಾಗಿತು, ಇನ್ನೊಬ್ಬರಿಗೆ ತಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಎರಡು ಬ್ಯಾಕ್ಟೀರಿಯಾ ಬೇರೆ ಎಂದು ನಾನೂ ಆಣೆ ಮಾಡಲಾರೆ. ಇನ್ನೊಂದು ದಾರಿಯಿಂದಲೂ ಅದೇ ಉತ್ತರ ಬರಬೇಕು.

ಆ ದಾರಿ ಕಾಲೇಜಿನಲ್ಲಿ ಓದಿದ್ದೆ. ಈ ಬ್ಯಾಕ್ಟೀರಿಯಾ ನೋಡಲು ಎಲ್ಲ ಒಂದೇ. ಆದರೆ ಒಂದೊಂದು ವಂಶಕ್ಕೆ ಊಟದಲ್ಲಿ ಒಂದೊಂದು ಪದಾರ್ಥ ಇಲ್ಲದಿದ್ದರೆ ಆಗುವುದಿಲ್ಲ. ಕೆಲವು ತಮಗೆ ಬೇಕಾದ ಪ್ರೋಲಿನ್ ಎಂಬುದನ್ನು ತಾವೇ ಮಾಡಿಕೊಳ್ಳಲಾರವು, ಕೆಲವು ಅರ್ಜಿನಿನ್ ಮಾಡಿಕೊಳ್ಳಲಾರವು. ಆದ್ದರಿಂದ ಎಲ್ಲ ಪದಾರ್ಥ ಹಾಕಿದ ಒಂದು ತಟ್ಟೆ, ಪ್ರೋಲಿನ್ ಬಿಟ್ಟ ಒಂದು ತಟ್ಟೆ, ಅರ್ಜಿನಿನ್ ಬಿಟ್ಟ ಒಂದು ತಟ್ಟೆ ಮಾಡಬೇಕು. ಮೂರರಲ್ಲೂ ಹದಿನೆಂಟು ಚೌಕ ಗುರುತಿಸಿ, ಇಂಜೆಕ್ಷನ್ನಿಗೆ ಮೊದಲೇ ತೆಗೆದು ಬೆಳೆಸುತ್ತ ಬಂದಿದ್ದ ಹದಿನೆಂಟು ಜನರ ಬ್ಯಾಕ್ಟೀರಿಯಾವನ್ನೂ ಅವರವರ ಅಂಕಿಯ ಚೌಕದಲ್ಲಿ ಇಡಬೇಕು. ಯಾವುದು ಎಲ್ಲಿ ಉಪವಾಸ ಬೀಳುತ್ತದೆ ನೋಡಬೇಕು. ನಾಲ್ಕನೆಯ ತಟ್ಟೆಗೆ ಎಲ್ಲ ಪದಾರ್ಥದ ಜೊತೆ ಹಳೆಯ ಇಂಜೆಕ್ಷನ್ನಿನ ಔಷಧವನ್ನೂ ಬೆರೆಸಿದೆ.

ಮೂರನೆಯ ದಿನ ಜಾಡಿ ತೆರೆದರೆ, ಪದಾರ್ಥ ಬಿಟ್ಟ ಎರಡು ತಟ್ಟೆಗಳಲ್ಲೂ ಹದಿನೆಂಟು ಚೌಕದಲ್ಲೂ ಬೆಳೆ. ಯಾವುದೂ ಉಪವಾಸ ಬಿದ್ದಿರಲಿಲ್ಲ. ಎಲ್ಲ ಒಂದೇ.

ಚೌಕಗಳನ್ನು ಮತ್ತೊಮ್ಮೆ ಮೊದಲಿನಿಂದ ಎಣಿಸಿದೆ. ಹಿಂದೆ ಡಾಕ್ಟರು ಬಂದು ನಿಂತದ್ದು ತಿಳಿಯಲಿಲ್ಲ. ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಇಲ್ಲದ ಲಡಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಇಲ್ಲದ ನೀರಿನಲ್ಲಿ ಜಾಲಾಡಿದರು. ಹಿಂಡಿದರು. ಮತ್ತೆ ಜಾಲಾಡಿದರು. ಮೂರು ಸಲ.

ನಮ್ಮ ಬಣ್ಣಗಾರರಲ್ಲಿ ಒಂದು ಪದ್ಧತಿಯಿದೆ. ಇಬ್ಬರು ತಂದ ಕೆಂಪು ನೂಲು ಕಣ್ಣಿಗೆ ಒಂದೇ ಆಗಿದ್ದರೂ ಒಂದೇ ಹಂಡೆಯದೋ ಅಲ್ಲವೋ ಎಂಬ ಜಗಳ ಬಂದರೆ, ಯಾರನ್ನೂ ವಿಚಾರಿಸುವಂತಿಲ್ಲ; ವಿಚಾರಿಸಿದರೆ ಯಾರದಾದರೂ ದನಿ ಹೋಗುತ್ತದೆ. ಅದಕ್ಕೆ ನೂಲನ್ನೇ ಕೇಳುತ್ತಾರೆ. ಎಳೆಯ ಒಂದು ತುದಿ ಹುಣಸೆನೀರಿಗೆ, ಇನ್ನೊಂದು ತುದಿ ಕ್ಷಾರದ ಸೌಳುನೀರಿಗೆ. ಬೇರೆ ಹಂಡೆಯದಾದರೆ ಬಣ್ಣ ಬೇರೆ ತಿರುಗುತ್ತದೆ. ಆದರೆ ಕೇಳುವ ಮೊದಲು ಎಳೆಯನ್ನು ಹರಿಯುವ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಇಲ್ಲವಾದರೆ ಮೈಮೇಲೆ ಉಳಿದ ಬಣ್ಣ ಸುಳ್ಳು ಹೇಳುತ್ತದೆ.

ನಾನು ತೊಳೆದಿರಲಿಲ್ಲ. ಕಂದು ಅಗರಿನ ಊಟವನ್ನು ಮೈಗೆ ಮೆತ್ತಿಕೊಂಡೇ ಬಂದ ಬ್ಯಾಕ್ಟೀರಿಯಾವನ್ನು ಉಪವಾಸಕ್ಕೆ ಕೂರಿಸಿದ್ದೆ. ಬುತ್ತಿ ಕಟ್ಟಿಕೊಂಡು ಬಂದವರು ಉಪವಾಸ ಹೇಗೆ ಬಿದ್ದಾರು?

ಮತ್ತೆ ಮೊದಲಿಂದ. ಹೊಸದಾಗಿ ಬೆಳೆಸಿ, ಉಪ್ಪುನೀರಿನಲ್ಲಿ ಕದಡಿ, ಯಂತ್ರದಲ್ಲಿ ತಿರುಗಿಸಿ, ಮೇಲಿನ ನೀರು ಚೆಲ್ಲಿ, ಮತ್ತೆ ಕದಡಿ. ಮೂರು ಸಲ. ಹದಿನೆಂಟು ನಳಿಕೆಗಳು. ಡಾಕ್ಟರು ಪಕ್ಕದಲ್ಲಿ ಕುಳಿತು ನಳಿಕೆ ಎತ್ತಿಕೊಡುತ್ತಿದ್ದರು. ಇಬ್ಬರ ನಡುವೆ ಒಂದೂ ಮಾತಿಲ್ಲ. ಅಷ್ಟು ದೊಡ್ಡ ಸಂಭಾಷಣೆ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಜಾಡಿ ತೆರೆದೆ. ಎಲ್ಲ ಪದಾರ್ಥದ ತಟ್ಟೆಯಲ್ಲಿ ಹದಿನೆಂಟು ಚೌಕಗಳಲ್ಲೂ ಇಬ್ಬನಿಯಂಥ ಬೂದು ಹನಿಗಳು. ಪ್ರೋಲಿನ್ ಬಿಟ್ಟ ತಟ್ಟೆಯಲ್ಲಿ ಹದಿನೇಳು ಚೌಕ ಬರಿದು, ಹನ್ನೊಂದರಲ್ಲಿ ಮಾತ್ರ ಬೆಳೆ. ಅರ್ಜಿನಿನ್ ಬಿಟ್ಟ ತಟ್ಟೆಯಲ್ಲಿ ತಲೆಕೆಳಗು: ಹದಿನೇಳು ಚೌಕ ತುಂಬಿದ್ದವು, ಹನ್ನೊಂದು ಬರಿದು. ಔಷಧದ ತಟ್ಟೆಯಲ್ಲಿ ಹದಿನೇಳೂ ಆರಾಮವಾಗಿ ಬೆಳೆದಿದ್ದವು, ಹನ್ನೊಂದು ಸತ್ತಿತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಲ್ಯಾಬಿನ ನಡುವೆ ನಿಂತು, ಅರವತ್ತೊಂದು ವರ್ಷದ ಮನುಷ್ಯ, ಸದ್ದಿಲ್ಲದೆ ಕುಣಿದರು.

ಮಧ್ಯಾಹ್ನ ತುಂಗವ್ವನ ಕೋಣೆಗೆ ಹೋದೆ. ಅವಳು ಗಂಟು ಕಟ್ಟಿರಲಿಲ್ಲ, ಅರ್ಧ ಆದ ಕೌದಿಯೊಂದನ್ನು ಕಾಲ ಮೇಲೆ ಹರಡಿಕೊಂಡು ಹೊಲಿಯುತ್ತಿದ್ದಳು. ಅವರವರ ಗುಟ್ಟನ್ನು ಅವರಿಗೇ ಹೇಳಿದರೆ ದನಿ ಹೋಗುವುದಿಲ್ಲ. ಎಲ್ಲ ಹೇಳಿದೆ.

"ನನ್ನೊಳಗಿದ್ದದ್ದು ಎಲ್ಲಿಂದ ಬಂತು ಅಂತ ನನಗ ಗೊತ್ತೈತಿ," ಎಂದಳು. "ಹೇಳಿದ್ರ ದನಿ ಹೋಗ್ತೈತಿ. ನೀನ ತಿಳಕೋ. ನಾ ಬಿಟ್ಟು ಬಂದ ಊರಿನ ಕಸ ಅದು. ಈ ಊರಾಗ ನಾ ಯಾರ ಹಾಸಿಗೀನೂ ನೋಡಿಲ್ಲ, ಅವರು ಕೊಟ್ಟ ಹರಕು ಸೀರಿ ಬಿಟ್ರ."

"ನಾಳೆ ದೈವದ ಮುಂದ ತಾಟು ತೋರಸ್ತೀನಿ. ಅಂಕಿ ಅಷ್ಟ ಹೇಳಾಕ ಬರ್ತೈತಿ. ಹನ್ನೊಂದು ಯಾರದು ಅಂತ ನಾ ಹೇಳಂಗಿಲ್ಲ."

ಸೂಜಿ ನಿಂತಿತು. "ಅಂದ್ರ ನಾನ ಹೇಳಬೇಕು. ನನಗ ರೋಗ ಇತ್ತು ಅಂತ ಇಡೀ ಊರಿನ ಮುಂದ ನಾನ ಒದರಬೇಕು."

ನಾನು ಏನೂ ಹೇಳಲಿಲ್ಲ.

"ಸುಮ್ಮನಿರೂದು ನಿನಗ ಭಾಳ ಚಲೋ ಬರ್ತೈತಿ, ಅನಸೂಯಾ. ಅವತ್ತ ಕಟ್ಟಿ ಮ್ಯಾಲೂ ಸುಮ್ಮನ ನಿಂತಿದ್ದಿ. ಸುಮ್ಮನ ನಿಂತವರ ಕೈಯಾಗ ಕಲ್ಲು ಇರೂದಿಲ್ಲ ಅಂತ ತಿಳದೀಯೇನು?" ಅವಳ ದನಿ ಏರಿರಲಿಲ್ಲ. "ಇದು ನನಗ ಮೂರನೇ ಊರು. ನಾಲ್ಕನೇದ್ದಕ್ಕ ನಡಿಯೂ ಕಾಲು ನನಗಿಲ್ಲ."

ಮನೆಗೆ ಬರುವಾಗ ಆ ಮಾತು ನನ್ನ ಜೊತೆಗೇ ಬಂತು. ಮೌನವೆಂದರೆ ಯಾರಿಗೂ ಗಾಯ ಮಾಡದ ಜಾಗ ಎಂದು ಇಷ್ಟು ವರ್ಷ ನಂಬಿದ್ದೆ. ಅವ್ವ ಒಂಬತ್ತು ಸಲ ದನಿ ಕಳೆದುಕೊಂಡದ್ದು ಬಾಯಿಬಡುಕತನದಿಂದ ಎಂದು ಕೂಡ ನಂಬಿದ್ದೆ.

ಮರುದಿನ ದೋಣಿ ಬಂದು ಕಟ್ಟೆಯ ಕೆಳಗೆ ನಿಂತಿತ್ತು. ನಾಲ್ಕು ತಟ್ಟೆಗಳ ಮುಚ್ಚಳಕ್ಕೆ ಮೇಣ ಹಚ್ಚಿ ಭದ್ರ ಮಾಡಿ, ನೂಲು ಹರಡುವ ಹಲಗೆಯ ಮೇಲೆ ಸಾಲಾಗಿಟ್ಟೆ. ಹತ್ತು ಜನರ ಮುಂದೆ ಮಾತಾಡಿದವಳಲ್ಲ ನಾನು. ಬಾಯಿ ತೆರೆದೆ. ಬರೀ ಗಾಳಿ ಬಂತು.

"ಜೋರಾಗಿ ಹೇಳವಾ, ನದಿ ಕಿವ್ಯಾಗ ಹೇಳಾಕತ್ತೀಯೇನು?" ಎಂದು ಹಿಂದಿನಿಂದ ಯಾರೋ ಕೂಗಿದರು.

"ನೂಲನ್ನ ಕೇಳೇನ್ರಿ," ಎಂದೆ. ಈ ಸಲ ಎಲ್ಲರಿಗೂ ಕೇಳಿಸಿತು. "ಆಸ್ಪತ್ರ್ಯಾಗ ಹದಿನೆಂಟು ಬಿಲ್ಲಿ ಹೋಗ್ಯಾವ. ಹದಿನೆಂಟರ ರೋಗಾನೂ ಇಲ್ಲಿ ಐತಿ, ಒಂದೊಂದು ಚೌಕದಾಗ ಒಂದೊಂದು. ಇದು ಹುಣಸಿನೀರು ಅಂತ ತಿಳೀರಿ, ಇದು ಸೌಳುನೀರು. ಒಂದ ಹಂಡೀವಾಗಿದ್ರ ಎಲ್ಲಾ ಒಂದ ನಮೂನಿ ತಿರಗಬೇಕು. ನೀವ ನೋಡ್ರಿ."

"ಯಾರ್ಯಾರದು ಯಾವುದು?" ಮಹಾರುದ್ರಪ್ಪ ಕೇಳಿದರು.

"ಗೊತ್ತೈತ್ರಿ. ಹೇಳಂಗಿಲ್ಲ."

ಹುಸೇನಸಾಬರು ಕೈ ಹಿಂದೆ ಕಟ್ಟಿಕೊಂಡು ಬಗ್ಗಿದರು. ಐವತ್ತು ವರ್ಷ ನೂಲಿನ ಜಗಳ ಬಿಡಿಸಿದ ಕಣ್ಣು ಅದು. ಒಂದೊಂದು ಚೌಕವನ್ನೂ ನೋಡಿದರು. ಜನ ಹಂಡೆ ತಣಿಯುವುದನ್ನು ಕಾಯುವಂತೆ ಕಾಯ್ದರು.

"ತೊಳದೀಯೇನವಾ?" ಎಂದರು ತಲೆಯೆತ್ತದೆ.

"ಮೂರು ಸಲ ತೊಳದೇನ್ರಿ. ಮೊದಲನೇ ಸಲ ಮರತಿದ್ದೆ, ಎಲ್ಲಾ ಒಂದ ಬಂದಿತ್ತು. ಮತ್ತ ಮಾಡಿದೆ."

ಸಾಹೇಬರು ನೆಟ್ಟಗಾದರು. "ಮರತೇನಿ ಅಂತ ಹೇಳಿದವರ ಕೆಲಸ ನಂಬಬೇಕು. ದೈವ ಕೇಳ್ರಿ. ಹದಿನೇಳು ಒಂದ ಹಂಡೀವು. ಹನ್ನೊಂದು ಬ್ಯಾರೆ ಹಂಡೀದು. ಇದರ ಹನಿ ಅದರಾಗ ಬಿದ್ದಿಲ್ಲ, ಅದರ ಹನಿ ಇದರಾಗ ಬಿದ್ದಿಲ್ಲ."

ಜನರ ನಡುವಿನಿಂದ ತುಂಗವ್ವ ನಡೆದು ಬಂದಳು. ಸೀರೆಯ ತುದಿಯ ಗಂಟು ಬಿಚ್ಚಿ ತಗಡಿನ ಬಿಲ್ಲೆಯನ್ನು ಹಲಗೆಯ ಮೇಲಿಟ್ಟಳು. ಅದು ಟಣ್ ಎಂದಿತು.

"ಹನ್ನೊಂದು ನಂದು," ಎಂದಳು. "ನನಗ ರೋಗ ಇತ್ತು. ಒಂದ ಇಂಜೆಕ್ಷನ್ನಿಗೆ ಹೋತು. ನಿಮ್ಮದು ಹೋಗಿಲ್ಲ, ಯಾಕಂದ್ರ ಅದು ನಿಮ್ಮದು, ನಂದಲ್ಲ. ಹದಿನೇಳು ಬಿಲ್ಲಿ ನಿಮ್ಮ ಕಿಸೇದಾಗ, ಉಡಿಯಾಗ ಅದಾವ. ನನ್ನ ಕಡೆ ಮಾಡಿದ ಬೆರಳಿಲೇನ ಅವನ್ನ ತಗೀರಿ."

ಅವಳ ದನಿ ಕೊನೆಯವರೆಗೂ ಗಂಟೆಯಂತಿತ್ತು.

ಮೌನಗಳ ಬಗ್ಗೆ ನನಗೆ ಸ್ವಲ್ಪ ತಿಳಿದಿದೆ. ಹೆದರಿದ ಮೌನ ಕಾಲು ಸರಿಸುತ್ತದೆ, ಸಿಟ್ಟಿನ ಮೌನ ಮೂಗಿನಿಂದ ಉಸಿರಾಡುತ್ತದೆ. ಆಗ ಕಟ್ಟೆಯ ಮೇಲಿದ್ದದ್ದು ನಾನು ಎಂದೂ ಕೇಳಿರದ ಮೌನ. ಇಡೀ ಊರು ತನ್ನ ಕಿಸೆಯೊಳಗಿನ ತಗಡನ್ನು ಮುಟ್ಟಿ ನೋಡಿಕೊಳ್ಳುತ್ತಿತ್ತು.

ಎರಡನೆಯ ಬಿಲ್ಲೆ ಟಣ್ ಎಂದಿತು. ಇಟ್ಟವಳು ಪಾರವ್ವ.

"ಏಳು ನಂದು," ಎಂದಳು, ಮುಖ ಕೆಂಪಾಗಿತ್ತು. "ಎಲ್ಲಿಂದ ಬಂತು ಅಂತ ಮಾತ್ರ ಕೇಳಬ್ಯಾಡ್ರಿ. ನನಗ ನಾಳೆ ನಲ್ಲಿ ಹತ್ರ ದನಿ ಬೇಕು."

ಯಾರೋ ಒಬ್ಬರು ನಕ್ಕರು. ಆ ನಗೆ ಅಂಚಿಗೆ ಹತ್ತಿದ ಬೆಂಕಿಯಂತೆ ಕಟ್ಟೆಯ ತುಂಬ ಹರಡಿತು. ಪಾರವ್ವ ತುಂಗವ್ವನ ಕಡೆ ತಿರುಗಿ, "ತಪ್ಪಾತು ಯವ್ವಾ. ನನ್ನ ಸುಳ್ಳಿಗೂ ದನಿ ಹೋಗಿದ್ರ ಚಲೋ ಇತ್ತು," ಎಂದಳು. ನಗೆಯ ನಡುವೆಯೇ ಮೂರನೆಯ ಬಿಲ್ಲೆ ಬಿತ್ತು, ನಾಲ್ಕನೆಯದು ಬಿತ್ತು. ಹದಿನಾಲ್ಕು ನಂದು. ಎರಡು ನಂದು. ಒಬ್ಬ ಕುಸ್ತಿಯ ಮನುಷ್ಯ ಬಿಲ್ಲೆ ಇಟ್ಟು, ಅಂಕಿ ಹೇಳುವಷ್ಟರಲ್ಲಿ ಅತ್ತುಬಿಟ್ಟ. ತನ್ನ ಗುಟ್ಟು ತಾನು ಹೇಳಿದರೆ ಏನೂ ಆಗುವುದಿಲ್ಲ ಎಂಬುದು ಊರಿಗೆ ಮೊದಲಿನಿಂದ ಗೊತ್ತಿತ್ತು. ಆದರೆ ಅದನ್ನು ಯಾರೂ ಮಾಡಿ ನೋಡಿರಲಿಲ್ಲ. ಹಲಗೆಯ ಮೇಲೆ ಹದಿನೇಳು ಬಿಲ್ಲೆಗಳಾದವು. ಒಂದು ಬರಲಿಲ್ಲ.

ಕೆಳಗಿನಿಂದ ದೋಣಿಯವನು, "ಯಾರರ ಬರ್ತೀರೋ, ಹಗ್ಗ ಬಿಚ್ಚಲೋ?" ಎಂದು ಕೂಗಿದ.

"ಬಿಚ್ಚೋ ಅಣ್ಣಾ," ಎಂದಳು ತುಂಗವ್ವ. "ನನಗ ಕೌದಿ ಮುಗಸೂದೈತಿ." ಮಹಾರುದ್ರಪ್ಪ ರುಮಾಲು ಸರಿಮಾಡಿಕೊಂಡು ಬೇರೆ ಕಡೆ ನೋಡಿದರು.

ಹಳೆಯ ಇಂಜೆಕ್ಷನ್ನಿಗೆ ಬಗ್ಗದ ವಂಶವನ್ನು ಹೊಸ ಇಂಜೆಕ್ಷನ್ ಕೊಲ್ಲುತ್ತದೆಂದು ಮತ್ತೊಂದು ತಟ್ಟೆಯಲ್ಲಿ ನೋಡಿ ಖಚಿತ ಮಾಡಿಕೊಂಡೆವು. ಬಂದವರಿಗೆಲ್ಲ ಡಾಕ್ಟರು ಇಂಜೆಕ್ಷನ್ನಿನ ಜೊತೆ ಅಂಕಿಯಿಲ್ಲದ ಒಂದೆರಡು ಬಿಲ್ಲೆಗಳನ್ನೂ ಕೈಗಿಟ್ಟರು. ಯಾರಿಗೆ ಕೊಡಬೇಕೋ ಅವರಿಗೆ ಕೊಡಿ, ಹೆಸರು ಬೇಡ ಎಂದು ಪಾಟಿಯ ಮೇಲೆ ಬರೆದು ತೋರಿಸಿದರು. ಬಿಲ್ಲೆ ಕೊಡುವುದು ಮಾತಲ್ಲ, ಬರಹವೂ ಅಲ್ಲ. ಯಾರ ಬೆರಳೂ ಮರಗಟ್ಟಲಿಲ್ಲ. ಎರಡು ವಾರದಲ್ಲಿ ಇಪ್ಪತ್ತಾರು ಜನ ಖಾಲಿ ಬಿಲ್ಲೆ ಹಿಡಿದು ಬಂದರು. ಮೂವತ್ತು ವರ್ಷ ಬರಿದಾಗಿದ್ದ ಕಾಲಮ್ಮಿನಲ್ಲಿ ಡಾಕ್ಟರು ಇಪ್ಪತ್ತಾರು ಸಣ್ಣ ವೃತ್ತ ಬರೆದರು.

ಆ ಬಾರದೆ ಉಳಿದ ಬಿಲ್ಲೆಯೂ ಕಡೆಗೆ ಬಂತು. ಒಂದು ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ನಿಂತವರನ್ನು ನೋಡಿ ನಾನು ಕುರ್ಚಿ ಎಳೆದುಕೊಟ್ಟೆ. ಅದು ಯಾರೆಂದು ನಿಮಗೆ ಹೇಳುವುದಿಲ್ಲ. ಈಗ ನನಗೂ ದನಿ ಬೇಕು.

ಡಾಕ್ಟರರ ದನಿ ಹೋಗಿ ನಲವತ್ತೆಂಟು ದಿನ ತುಂಬಿದ ದಿನ ಸಂತೆ. ಆ ವಾರದ ತಟ್ಟೆಗಳನ್ನು ನೋಡಿ ಮುಗಿಸಿದ್ದೆ: ನಲವತ್ನಾಲ್ಕು ಜನರ ಮಾದರಿ, ಒಂದರಲ್ಲೂ ಒಂದು ಹನಿಯೂ ಬೆಳೆದಿರಲಿಲ್ಲ. ಅದನ್ನು ಹೇಳಲು ಡಾಕ್ಟರರ ಹಿಂದೆ ಓಡಿದೆ. ಅವರು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಪಾಟಿಯನ್ನು ವಾಪಸು ಇಡುತ್ತಿದ್ದರು. ಗಂಟಲು ಮುಟ್ಟಿ ನೋಡಿಕೊಂಡರು, ಕೆಮ್ಮಿದರು. ಆಮೇಲೆ ತುಂಬಿದ ಸಂತೆಗೆ ಮುಖಮಾಡಿ, ಒಂದೂವರೆ ತಿಂಗಳಿಂದ ಬಾಯೊಳಗೇ ಇಟ್ಟುಕೊಂಡಿದ್ದ ಮಾತನ್ನು, ನಿಲ್ಲಿಸಿದ ಜಾಗದಿಂದಲೇ, ಶಕ್ತಿಯಿದ್ದಷ್ಟೂ ಕೂಗಿದರು.

"—ಬ್ಯಾರೆ!"

ಸಂತೆಯೆಲ್ಲ ಅವರ ಕಡೆ ತಿರುಗಿತು. ಆಮೇಲೆ ತರಕಾರಿಯವರು, ಬಣ್ಣಗಾರರು, ಕೌದಿ ಮಾರಲು ಕುಳಿತಿದ್ದ ತುಂಗವ್ವ, ಅವಳ ಪಕ್ಕ ಚೌಕಾಸಿ ಮಾಡುತ್ತಿದ್ದ ಪಾರವ್ವ, ಎಲ್ಲರೂ ಒಟ್ಟಿಗೆ ಒದರಿದರು: "ಗೊತ್ತೈತ್ರೀ ಡಾಕ್ಟರ್!"

ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ ಎಂದು ಆಮೇಲೆ ತುಂಗವ್ವ ಹೇಳಿದಳು. ಅದೇನು ಗುಟ್ಟಲ್ಲ.